ಬೇಲಿಗೆ ಬಿದ್ದ ಬೋಳು

ಪಟಿಕದ ಕಲ್ಲು, ಸೋಪಿನ ನೊರೆ, ಒದ್ದೆ ಕೂದಲು. ಈ ಮೂರೂ ಬೆರೆತ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಕತ್ತರಿಮಾಮನಿಗೆ ಅಪ್ಪನ ಅಂಗಡಿ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಅಪ್ಪ ಮಕ್ಕಳನ್ನು ಅದರ ಮೇಲೆ ಕೂರಿಸುತ್ತಿದ್ದರು. ಕತ್ತರಿ ಕಿವಿಯ ಹತ್ತಿರ ಬಂದರೆ ಸಾಕು, ಮಕ್ಕಳು ಬೀದಿ ಒಂದಾಗುವಂತೆ ಅರಚುತ್ತಿದ್ದವು. ಅಪ್ಪ ನಗುತ್ತಾ ಒಂದೇ ಮಾತು ಹೇಳುತ್ತಿದ್ದರು: “ಕೂದಲು ತಾನೇ ಮರಿ, ಬೆಳೆಯುತ್ತೆ ಬಿಡು.”

ಆ ಮಾತು ಒಂದು ಸಲ ಮನೆಯೊಳಗೂ ಬಂದಿತ್ತು. ಅಕ್ಕನ ಹಣೆಯ ಮೇಲಿನ ಕೂದಲು ಸೊಟ್ಟಗಿದೆ ಎಂದು ಅಪ್ಪ ಕತ್ತರಿ ಹಿಡಿದರು. ಎಡಗಡೆ ಒಂಚೂರು ಗಿಡ್ಡವಾಯಿತು, ಅದಕ್ಕೆ ಸಮ ಮಾಡಲು ಬಲಗಡೆ ಕತ್ತರಿಸಿದರು. ಬಲಗಡೆ ಇನ್ನೂ ಗಿಡ್ಡವಾಯಿತು, ಮತ್ತೆ ಎಡಗಡೆಗೆ ಬಂದರು. ಕೊನೆಗೆ ಅಕ್ಕನ ತಲೆ ಮಗುಚಿಟ್ಟ ಮಡಕೆಯ ಹಾಗೆ ಕಂಡಿತು. “ಬೆಳೆಯುತ್ತೆ ಬಿಡು” ಎಂದು ಅಪ್ಪ ಕೂದಲು ಕೊಡವಿದರು. ಅಕ್ಕ ಅಳಲಿಲ್ಲ. ತಲೆಗೊಂದು ಬಟ್ಟೆ ಬಿಗಿದುಕೊಂಡು ಶಾಲೆಗೆ ಹೋದಳು, ಬಂದಳು, ಉಳಿದ ಹೊತ್ತೆಲ್ಲ ಬಾಗಿಲ ಹಿಂದೆ ಕೂತಳು. ಕೂದಲು ಭುಜ ಮುಟ್ಟಿದ ದಿನ ಬಟ್ಟೆ ಬಿಚ್ಚಿ ಏನೂ ಆಗಿಲ್ಲವೇನೋ ಎಂಬಂತೆ ಹೊರಗೆ ಬಂದಳು. ತನ್ನ ಅರೆಬರೆ ರೂಪವನ್ನು ಪರರ ಕಣ್ಣಿಗೆ ಬೀಳಿಸುವ ಜಾತಿಯೇ ಅಲ್ಲ ಅದು.

ಈಗ ಕತ್ತರಿಮಾಮನಿಗೂ ಅರವತ್ತು ದಾಟಿದೆ. ಅಪ್ಪನ ಅಂಗಡಿ, ಅಪ್ಪನ ಕುರ್ಚಿ, ಅಪ್ಪನ ಆ ಒಂದು ಮಾತು ಮೂರೂ ಅವನ ಪಾಲಿಗೆ ಬಂದಿದ್ದವು. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು ಸೇರಿಕೊಂಡಿದ್ದ. ಅಕ್ಕ ಮದುವೆಯಾದವಳಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತಿಯಾದವಳು. ಬಸ್ಸು ಎಂಥ ತಿರುವಿನಲ್ಲಿ ವಾಲಿದರೂ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುತ್ತಿದ್ದಳಂತೆ. ಹೊಸ ಡ್ರೈವರುಗಳು ಬೇಕೆಂದೇ ಬ್ರೇಕ್ ಒತ್ತಿ ನೋಡುತ್ತಿದ್ದರಂತೆ, ಬೀಳುತ್ತಾಳೇನೋ ಅಂತ. ಮುಂದಿನ ಸೀಟಿನವರ ಹಣೆ ಕಂಬಿಗೆ ಬಡಿಯುತ್ತಿತ್ತೇ ಹೊರತು ಕಂಡಕ್ಟರಕ್ಕ ಕದಲುತ್ತಿರಲಿಲ್ಲ.

ಅವಳ ಮನೆ ಬಸ್‌ ಸ್ಟಾಪಿಗೆ ಎದುರಾಗಿಯೇ ಇತ್ತು. ಅಗಲವಿಲ್ಲದ ಬೀದಿ, ಆಚೆ ಬದಿಯಲ್ಲಿ ಕಲ್ಲಿನ ಬೆಂಚು, ಬೆಂಚಿನ ಪಕ್ಕದಲ್ಲಿ ಟೈಲರಮ್ಮನ ಅಂಗಡಿ. ಕೆಲಸದಲ್ಲಿದ್ದಾಗ ಇಡೀ ದಿನ ಜನರ ಮುಖ ನೋಡಿದ್ದ ಅಕ್ಕ, ನಿವೃತ್ತಿಯಾದ ವರ್ಷವೇ ಅಂಗಳದ ಬೀದಿ ಬದಿಯ ಉದ್ದಕ್ಕೂ ಸೈಪ್ರಸ್ ಗಿಡಗಳನ್ನು ಸಾಲಾಗಿ ನೆಟ್ಟಳು. “ಇನ್ನು ಈ ಜನ ನನ್ನ ನೋಡೋದೂ ಬೇಡ, ನಾನು ಅವರನ್ನ ನೋಡೋದೂ ಬೇಡ” ಅಂದಳು. ಗಿಡಗಳು ಒಂದಕ್ಕೊಂದು ತೋಳು ಹೆಣೆದುಕೊಂಡು ಆಳೆತ್ತರದ ಬೇಲಿಯಾದವು. ಬೇಸಿಗೆಯಿರಲಿ, ಚಳಿಯಿರಲಿ, ಒಂದೇ ಹಸಿರು.

ಬೇಲಿಯ ಆರೈಕೆ ಅವಳೊಬ್ಬಳದೇ. ಕತ್ತರಿಸುವಾಗ ತುದಿ ಮಾತ್ರ ತೆಗೆಯುತ್ತಿದ್ದಳು, ಬೆರಳುಗುರು ಕತ್ತರಿಸಿದ ಹಾಗೆ. ಬುಡ ಅಗಲ, ಮೇಲೆ ಹೋಗುತ್ತಾ ಕಿರಿದು. ತಮ್ಮನಿಗೆ ಆ ಆಕಾರವೇ ಹಿಡಿಸುತ್ತಿರಲಿಲ್ಲ.

“ಇದೇನಕ್ಕಾ, ಸೀರೆ ನೆರಿಗೆ ಹರಡಿಕೊಂಡು ಕೂತ ಹೆಂಗಸಿನ ಥರ? ನನ್ನ ಕೈಗೆ ಕೊಟ್ಟು ನೋಡು, ಗೆರೆ ಹೊಡೆದ ಹಾಗೆ ನಿಲ್ಲಿಸ್ತೀನಿ.”

“ಬುಡಕ್ಕೂ ಬಿಸಿಲು ಬೇಡ್ವೇನೋ? ನೀನು ತಲೆ ನೋಡ್ಕೋ, ಬೇಲಿ ನನಗೆ ಬಿಡು.”

ಇನ್ನೊಂದು ಮಾತು ಹೇಳಬೇಕು. ಕತ್ತರಿಮಾಮ ದಿನವೂ ಊಟದ ಡಬ್ಬಿ ಮರೆತೇ ಹೊರಡುತ್ತಿದ್ದ. ಗೇಟು ದಾಟಿ ಬೇಲಿಯ ಉದ್ದಕ್ಕೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೇಲಿಯ ಮೇಲಿಂದ ಒಂದು ಕೈ ಏಳುತ್ತಿತ್ತು, ಕೈಯಲ್ಲಿ ಡಬ್ಬಿ. ಮುಖ ಕಾಣದು, ಮಾತಿಲ್ಲ. ಅವನು ಡಬ್ಬಿ ತೆಗೆದುಕೊಂಡರೆ ಕೈ ಕೆಳಗಿಳಿಯುತ್ತಿತ್ತು. ಬಸ್ಸಿಗೆ ಕಾಯುವವರು ಇದನ್ನು ನೋಡಿ, “ಮಾಮ, ನಿಮ್ಮ ಬೇಲಿ ಅನ್ನಾನೂ ಬಿಡುತ್ತಲ್ಲ!” ಎಂದು ನಗುತ್ತಿದ್ದರು. ಅವನು ನಿಜಕ್ಕೂ ಮರೆಯುತ್ತಿದ್ದನೋ, ಆ ಕೈ ಏಳುವುದನ್ನು ನೋಡಲೆಂದು ಮರೆಯುತ್ತಿದ್ದನೋ, ಅವನಿಗೇ ಗೊತ್ತಿರಲಿಲ್ಲ.

ಇಂಥ ಅಕ್ಕ ಬಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಕಾಲೊರೆಸುವ ಚಾಪೆ ಜಾರಿ. ಸೊಂಟದ ಕೀಲು ಮುರಿಯಿತು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಹಲ್ಲು ಕಚ್ಚಿಕೊಂಡೇ ಅಂದಳು: “ಓಡೋ ಬಸ್ಸು ಬೀಳಿಸ್ಲಿಲ್ಲ, ಒಂದು ಗೋಣಿತುಂಡು ಬೀಳಿಸ್ತು ನೋಡು.” ಆಮೇಲೆ ಅವನ ಕೈ ಹಿಡಿದು, “ಬೇಲಿಗೆ ನೀರು ಹಾಕು. ಕತ್ತರಿ ಮಾತ್ರ ಮುಟ್ಟಬೇಡ.”

“ಮುಟ್ಟಲ್ಲಕ್ಕಾ.”

ನೀರು ಹಾಕಿದ. ಆಸ್ಪತ್ರೆ, ಅಂಗಡಿ, ಬೇಲಿ ಎಂದು ಓಡಾಡಿದ. ಶಸ್ತ್ರಚಿಕಿತ್ಸೆಯಾಗಿ ಅಕ್ಕ ಅಲ್ಲೇ ವಾರಗಟ್ಟಲೆ ಉಳಿಯಬೇಕಾಯಿತು. ಅಷ್ಟರಲ್ಲಿ ಬೇಲಿ ಕೆದರಿಕೊಂಡಿತು. ಅಲ್ಲೊಂದು ಚಿಗುರು, ಇಲ್ಲೊಂದು ಜುಟ್ಟು, ನಡುವೆ ಒಂದು ಕಡೆ ಹೊಟ್ಟೆ ಬಂದ ಹಾಗೆ ಉಬ್ಬು. ದಿನಾ ಗೇಟು ತೆಗೆಯುವಾಗ ಅದು ಕಣ್ಣಿಗೆ ಚುಚ್ಚುತ್ತಿತ್ತು. ಕೆದರಿದ ತಲೆ ಕಂಡರೆ ಕೈ ತುರಿಸುವ ವೃತ್ತಿ ಅವನದು. ಡಾಕ್ಟರು ಇನ್ನೇನು ಮನೆಗೆ ಕಳಿಸುತ್ತೇವೆ ಎಂದ ವಾರ, ಅಂಗಡಿಗೆ ರಜೆಯ ದಿನ, ಅವನಿಗೆ ಒಂದು ಒಳ್ಳೆಯ ಯೋಚನೆ ಬಂತು. ಮನೆಹಾಳು ಯೋಚನೆಗಳೆಲ್ಲ ಮೊದಲು ಒಳ್ಳೆಯ ಯೋಚನೆಗಳೇ. ಅಕ್ಕ ಬರುವಷ್ಟರಲ್ಲಿ ಬೇಲಿಯನ್ನು ಚೆಂದ ಮಾಡಿಡೋಣ ಅಂದುಕೊಂಡ.

ಮೊದಲು ತುದಿ ಮಾತ್ರ ತೆಗೆದ. ಕತ್ತರಿ ಚೆನ್ನಾಗಿ ಓಡಿತು, ಕೈಗೆ ಹುರುಪು ಬಂತು. ಉಬ್ಬನ್ನು ಸಮ ಮಾಡಿದ. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಅದರ ಪಕ್ಕದ ಜಾಗ ಉಬ್ಬಿದಂತೆ ಕಂಡಿತು. ಅದನ್ನು ತೆಗೆದ. ಈಗ ಮೊದಲಿನ ಜಾಗವೇ ಮುಂದೆ ಬಂದಿದೆ. ಇನ್ನೊಂಚೂರು ಒಳಗೆ ಹೋದ. ಅಪ್ಪನ ಕೈಯೇ ತನ್ನ ಕೈಯೊಳಗೆ ಹೊಕ್ಕಿದ್ದು ಅವನಿಗೆ ತಿಳಿಯಲಿಲ್ಲ. ಕತ್ತರಿಗೆ ಸಿಕ್ಕಿದ್ದು ಹಸಿರಲ್ಲ, ಒಣಗಿದ ಕಡ್ಡಿಗಳು ಎಂದು ತಿಳಿಯುವಷ್ಟರಲ್ಲಿ ಬೇಲಿಯ ನಟ್ಟನಡುವೆ ಮನುಷ್ಯ ತೂರುವಷ್ಟು ಅಗಲದ ಕಂದು ಬೋಳು ಬಾಯಿ ತೆರೆದಿತ್ತು. ಅದರೊಳಗಿಂದ ಕಲ್ಲಿನ ಬೆಂಚು ಕಂಡಿತು. ಬೆಂಚಿನ ಮೇಲೆ ಕೂತ ಒಬ್ಬಾತ ಅವನನ್ನೇ ನೋಡುತ್ತಿದ್ದ.

ಕತ್ತರಿಮಾಮ ಕೂದಲು ಕೊಡವುವವನ ಹಾಗೆ ಕೈ ಕೊಡವಿಕೊಂಡ. “ಬೆಳೆಯುತ್ತೆ ಬಿಡು” ಎಂದು ತನಗೆ ತಾನೇ ಹೇಳಿಕೊಂಡ.

ಆ ಸಂಜೆಯೇ ಆಸ್ಪತ್ರೆಯಿಂದ ಅಕ್ಕನ ಫೋನು.

“ವಾಕರ್ ಕೊಟ್ಟಿದ್ದಾರೆ ಕಣೋ. ಕುರಿಮರಿ ಥರ ನಾಲ್ಕು ಕಾಲಲ್ಲಿ ನಡೀಬೇಕು. ದಿನಾ ನಡೀದಿದ್ರೆ ಕೀಲು ಗಟ್ಟಿಯಾಗಿ ಹಾಸಿಗೆಯೇ ಗತಿ ಅಂತ ಡಾಕ್ಟ್ರು ಹೆದರಿಸಿದ್ದಾರೆ.”

“ನಡೀಯಬಹುದು ಬಿಡಕ್ಕಾ, ಅದಕ್ಕೇನು.”

“ಮನೆಯೊಳಗೆ ಎಲ್ಲೋ ಜಾಗ? ಮಂಚ ತಪ್ಪಿಸಿದ್ರೆ ಬೀರು, ಬೀರು ತಪ್ಪಿಸಿದ್ರೆ ನಿನ್ನ ಚಪ್ಪಲಿ. ಅಂಗಳದಲ್ಲೇ ನಡೀಬೇಕು. ನಮ್ಮ ಬೇಲಿ ಇದೆ ಅನ್ನೋದೊಂದೇ ಧೈರ್ಯ. ಎದುರಿಗೆ ಬಸ್‌ ಸ್ಟಾಪು, ಬರೋ ಡ್ರೈವರು ಕಂಡಕ್ಟರುಗಳೆಲ್ಲ ನನ್ನ ಕೈಕೆಳಗೆ ಕಲಿತವರು. ಕಂಬಿ ಹಿಡೀದೆ ನಿಂತವಳು ಕಂಬಿ ಹಿಡ್ಕೊಂಡು ಕುಂಟೋದನ್ನ ಅವರು ನೋಡಬಾರದು. ಬೇಲಿ ಹೇಗಿದೆ?”

“ಹೂಂ” ಎಂದ ಕತ್ತರಿಮಾಮ. ಅದು ಉತ್ತರವಲ್ಲ ಎಂದು ಅಕ್ಕನಿಗೆ ಹೊಳೆಯದೆ ಹೋದದ್ದು ಆಸ್ಪತ್ರೆಯ ಗದ್ದಲದ ದಯೆ.

ಮರುದಿನ ಬೆಳಗ್ಗೆಯೇ ಕತ್ತರಿಸಿದ ಕಡ್ಡಿಯೊಂದನ್ನು ಹಿಡಿದುಕೊಂಡು ನರ್ಸರಿಗೆ ಓಡಿದ. ನರ್ಸರಿಯವನು ಕುಂಡಗಳಿಗೆ ಮಣ್ಣು ತುಂಬುತ್ತಿದ್ದ. ಕಡ್ಡಿಯನ್ನು ತಿರುಗಿಸಿ ನೋಡಿ, ಸತ್ತ ಹಲ್ಲಿಯನ್ನು ಹಿಂದಿರುಗಿಸುವಂತೆ ಹಿಂದಿರುಗಿಸಿದ.

“ಇದು ಇನ್ನು ಚಿಗುರಲ್ಲ ಮಾಮ.”

“ಯಾಕೆ ಚಿಗುರಲ್ಲ? ಕತ್ತರಿಸಿದ್ದು ಬೆಳೆಯಲೇಬೇಕಲ್ಲ!”

“ಬೇರೆ ಗಿಡ ಆದ್ರೆ ಬೆಳೀತಿತ್ತು. ಸೈಪ್ರಸ್ಸಿಗೆ ಹಸಿರು ಮೇಲಿನ ಚರ್ಮ ಇದ್ದ ಹಾಗೆ. ಒಳಗಡೆ ಬಿಸಿಲು ತಾಗದ ಕಂದು ಕಡ್ಡಿ ಇರುತ್ತಲ್ಲ, ಅಲ್ಲಿವರೆಗೆ ಹೋದ್ರೆ ಮತ್ತೆ ಎಲೆ ಒಡೆಯಲ್ಲ.”

“ಗೊಬ್ಬರ?”

“ಬೋಳುತಲೆಗೆ ನೀವು ಎಣ್ಣೆ ಮಾರ್ತೀರಲ್ಲ ಮಾಮ, ಬೆಳೆದದ್ದುಂಟಾ?”

ಕತ್ತರಿಮಾಮನಿಗೆ ಮೈಯೆಲ್ಲ ಉರಿಯಿತು. ಆದರೂ ಗೊಬ್ಬರ ತಂದ. ಬುಡಕ್ಕೆ ಹಾಕಿದ, ನೀರು ಹೊಯ್ದ, ಬೆಳಗ್ಗೆ ಸಂಜೆ ಹೋಗಿ ಕಡ್ಡಿಗಳನ್ನು ಕಣ್ಣಿಗೆ ಹಿಡಿದು ನೋಡಿದ. ಬುಡದಲ್ಲಿ ಹುಲ್ಲು ಮಾತ್ರ ಹುಲುಸಾಗಿ ಬೆಳೆಯಿತು. ಒಂದು ಸಂಜೆ ಅಂಗಡಿಯ ಎಣ್ಣೆ ಶೀಸೆಯ ಮೇಲೂ ಕಣ್ಣು ಹೋಯಿತು. ಸದ್ಯ, ಬುದ್ಧಿ ಅಷ್ಟು ಕೆಟ್ಟಿರಲಿಲ್ಲ. ನರ್ಸರಿಯಿಂದ ಸಸಿಯೊಂದನ್ನು ತಂದು ಬೋಳಿನ ಮುಂದೆ ನೆಟ್ಟ. ಅದು ಅವನ ಮೊಣಕಾಲಿಗೂ ಬರಲಿಲ್ಲ. ಅಷ್ಟು ದೊಡ್ಡ ಬಾಯಿಗೆ ಒಂದೇ ಹಾಲುಹಲ್ಲು ಬಂದ ಹಾಗೆ ಕಂಡಿತು.

ಅಕ್ಕ ಬರುವ ದಿನ ಬೇರೆ ದಾರಿ ತೋಚದೆ, ಗಿರಾಕಿಗಳ ಕೊರಳಿಗೆ ಸುತ್ತುವ ಬಿಳಿ ಬಟ್ಟೆಯನ್ನು ಬೋಳಿನ ಮೇಲೆ ಇಳಿಬಿಟ್ಟ.

ಆಟೋದಿಂದ ಇಳಿದ ಅಕ್ಕನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ವಾಕರ್ ಊರಿಕೊಂಡು ಗೇಟಿನೊಳಗೆ ಬಂದಳು. ಬಟ್ಟೆಯ ಅಂಚು ಹಿಡಿದು ಎಳೆದಳು. ಬಟ್ಟೆ ಜಾರಿತು. ಆಚೆಯ ಬೆಂಚಿನಿಂದ ಯಾರೋ, “ಕಂಡಕ್ಟರಕ್ಕಾ, ಹೇಗಿದ್ದೀರಾ?” ಎಂದು ಕೂಗಿದರು.

ಅಕ್ಕ ಬೋಳನ್ನು ನೋಡಿದಳು. ಸಸಿಯನ್ನು ನೋಡಿದಳು. ತಮ್ಮನನ್ನು ನೋಡಿದಳು.

“ನೀನು ಅಪ್ಪನ ಮಗನೇ ಕಣೋ” ಎಂದಳು. ಅಷ್ಟೇ. ಒಳಗೆ ಹೋಗಿ ಮಲಗಿ ಗೋಡೆಯ ಕಡೆ ತಿರುಗಿದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಒಂದು ಕೊನೆ ಇರುತ್ತದೆ. ಅಕ್ಕ ಬೈಯಲಿಲ್ಲ, ನಡೆಯಲೂ ಇಲ್ಲ. ವ್ಯಾಯಾಮ ಮಾಡಿಸಲು ಆಸ್ಪತ್ರೆಯವರು ಕಳಿಸುತ್ತಿದ್ದ ಹುಡುಗಿ ಬಂದಾಗಲೆಲ್ಲ “ನಾಳೆಯಿಂದ” ಎನ್ನುತ್ತಿದ್ದಳು. ಆ ಹುಡುಗಿ ಹೊರಗೆ ಬಂದು ಕತ್ತರಿಮಾಮನ ಹತ್ತಿರ ತಗ್ಗಿದ ದನಿಯಲ್ಲಿ, “ಈಗ ನಡೆಸದಿದ್ದರೆ ಆಮೇಲೆ ನಡೆಸೋಕಾಗಲ್ಲ ಅಂಕಲ್” ಎಂದಳು. ವಾಕರ್ ಮಂಚದ ಪಕ್ಕದಲ್ಲಿ ನಿಂತೇ ಇತ್ತು. ಅದರ ಮೇಲೆ ಒಗೆದ ಟವಲು ಒಣಗುತ್ತಿತ್ತು.

“ಪರದೆ ಹಾಕಿಸ್ತೀನಿ ಅಕ್ಕಾ. ದಪ್ಪದ್ದು.”

“ಆಸ್ಪತ್ರೇಲಿ ಪರದೆ ಹಿಂದೆ ಮಲಗಿ ಸಾಕಾಗಿದೆ. ಪರದೆ ಕಂಡ್ರೆ ಜನ ಇಣುಕಿ ನೋಡ್ತಾರೆ, ಹಿಂದೆ ಏನಿದೆ ಅಂತ. ಬೇಲಿ ಕಂಡ್ರೆ ಯಾರೂ ನೋಡಲ್ಲ.”

“ಹಾಗಾದ್ರೆ ಕತ್ತಲಾದ ಮೇಲೆ ನಡಿ.”

“ನಾನೇನು ಕಳ್ಳಿಯೇನೋ? ನನ್ನ ಅಂಗಳ!”

“ಒಳಗಾದ್ರೂ ನಾಲ್ಕು ಹೆಜ್ಜೆ ಹಾಕು ಮಾರಾಯ್ತಿ!”

“ನಿನ್ನ ಚಪ್ಪಲಿ ತೆಗಿ, ಆಮೇಲೆ ಹೇಳು.”

ಚಪ್ಪಲಿ ತೆಗೆದ. ಬೀರು ಸರಿಸಿದ, ತನ್ನ ಸೊಂಟವೂ ಹಿಡಿದುಕೊಂಡಿತು. ಅಕ್ಕ ಮಂಚದ ತುದಿಗೆ ಬಂದಳು, ನಿಂತಳು, ಎರಡು ಹೆಜ್ಜೆಗೆ ವಾಕರ್ ಗೋಡೆಗೆ ತಾಗಿತು. “ಆಯ್ತು, ಟರ್ಮಿನಸ್ ಬಂತು, ಎಲ್ಲ ಇಳೀರಿ” ಎಂದು ಹಿಂದಕ್ಕೆ ಬಂದು ಮಲಗಿದಳು. ಅವನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಡುಗೆ ಅವನ ಕೈಗೆ ಬಂದಿತ್ತು. ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ತಳ ಹತ್ತಿದ್ದು. ಅಕ್ಕ ಏನೂ ಹೇಳದೆ ತಿನ್ನುತ್ತಿದ್ದಳು. ಅದೂ ಅವನನ್ನು ಕೊಲ್ಲುತ್ತಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಬನ್ನು ತಿಂದು ನೀರು ಕುಡಿಯುತ್ತಿದ್ದ. ಒಬ್ಬ ಹಳೆಯ ಗಿರಾಕಿ ಕುರ್ಚಿಯಲ್ಲಿ ಕೂತು, “ಜಾಸ್ತಿ ತೆಗೀಬೇಡಿ ಮಾಮ, ತುದಿ ಮಾತ್ರ” ಎಂದಾಗ, ಕತ್ತರಿಮಾಮ ಕತ್ತರಿ ಕೆಳಗಿಟ್ಟು, “ಯಾರು ಹೇಳಿಕೊಟ್ಟಿದ್ದು ನಿಮಗೆ?” ಎಂದು ಕೇಳಿಬಿಟ್ಟ. ಪಾಪ, ಆತ ದಿಗಿಲುಬಿದ್ದು ಕನ್ನಡಿಯಲ್ಲಿ ತನ್ನ ತಲೆಯನ್ನೇ ನೋಡಿಕೊಂಡ.

ಇದರ ನಡುವೆ ಟೈಲರಮ್ಮ ಬೇರೆ ಮುಖ ತಿರುಗಿಸಿದಳು. ಅವಳ ಹೊಲಿಗೆ ಯಂತ್ರ ಯಾವಾಗಲೂ ಅಂಗಡಿಯ ಬಾಗಿಲಿಗೆ ಎದುರಾಗಿ ಇರುತ್ತಿತ್ತು. ಬೀದಿಯ ಬೆಳಕು ಸೂಜಿಯ ಮೇಲೆ ಬೀಳಲಿ ಎಂದು. ಒಂದು ಬೆಳಗ್ಗೆ ನೋಡಿದರೆ ಯಂತ್ರ ಒಳಗೋಡೆಗೆ ಎದುರಾಗಿ ತಿರುಗಿದೆ. ಟೈಲರಮ್ಮನ ಬೆನ್ನು ಮಾತ್ರ ಕಾಣುತ್ತಿದೆ. ಹಗಲಲ್ಲೇ ಬಲ್ಬು ಹಚ್ಚಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಹೊಲಿಯುತ್ತಿದ್ದಾಳೆ. ಇವಳಿಗೂ ನನ್ನ ಮುಖ ನೋಡಬಾರದು ಅನ್ನಿಸಿತೇ ಎಂದು ಕತ್ತರಿಮಾಮನಿಗೆ ರೇಗಿತು. ನೆಟ್ಟಗೆ ಹೋಗಿ ಕೇಳಿಯೇಬಿಟ್ಟ.

“ನಾನೇನು ಮಾಡಿದೆ ನಿಮಗೆ? ಬೇಲಿ ನಮ್ಮದು, ತಪ್ಪು ನನ್ನದು. ನೀವ್ಯಾಕೆ ಬೆನ್ನು ತೋರಿಸ್ತೀರಿ?”

ಟೈಲರಮ್ಮ ದಾರ ಕಡಿದು, ಕನ್ನಡಕದ ಮೇಲಿಂದ ನೋಡಿದಳು. “ಬೀದಿ ಬೆಳಕು ಕಣ್ಣಿಗೆ ಚುಚ್ಚುತ್ತೆ ಮಾಮ.”

“ಇಷ್ಟು ವರ್ಷ ಚುಚ್ಚಲಿಲ್ವಾ?”

“ಈಗ ವಯಸ್ಸಾಯ್ತಲ್ಲ” ಎಂದು ಮತ್ತೆ ಯಂತ್ರ ತುಳಿದಳು. ತುಳಿಯುತ್ತಲೇ, ಅತ್ತ ತಿರುಗಿಕೊಂಡೇ ಅಂದಳು: “ಇಲ್ಲಿ ಕೂತ್ರೆ ನಿಮ್ಮ ಅಂಗಳ ನನಗೆ ಒಂಚೂರೂ ಕಾಣಲ್ಲ. ಅಕ್ಕನಿಗೆ ಒಂದು ಮಾತು ಹೇಳಿಬಿಡಿ.”

ಸೂಜಿ ಚುಚ್ಚಿದ ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕತ್ತರಿಮಾಮ ಅದನ್ನು ನೋಡಿ, ರಸ್ತೆ ದಾಟಿ ಬಂದು ಅಕ್ಕನಿಗೆ ಹೇಳಿದ.

“ಒಳ್ಳೆ ಹೆಂಗಸು. ಆದ್ರೆ ಬಸ್ಸು ಅವಳ ಥರ ತಿರುಗಿ ನಿಲ್ಲುತ್ತೇನೋ?” ಎಂದು ಅಕ್ಕ ಮತ್ತೆ ಗೋಡೆ ಕಡೆ ಹೊರಳಿದಳು.

ನರ್ಸರಿಗೆ ಇನ್ನೊಮ್ಮೆ ಹೋದ. ಈ ಸಲ ಜಗಳಕ್ಕೇ ಹೋದದ್ದು. ನರ್ಸರಿಯವನು ಜಗಳಕ್ಕೆ ಬಗ್ಗಲಿಲ್ಲ. “ಸಸಿ ಏಳೋಕೆ ವರ್ಷಗಳೇ ಬೇಕು ಮಾಮ. ಅಲ್ಲೀವರೆಗೆ ಅಕ್ಕಪಕ್ಕದ ಉದ್ದ ಕೊಂಬೆಗಳನ್ನ ಮೆಲ್ಲಗೆ ಬಗ್ಗಿಸಿ ಬೋಳಿನ ಮೇಲೆ ಅಡ್ಡ ಎಳೆದು ಕಟ್ಟಿ. ಹೋಗ್ತಾ ಹೋಗ್ತಾ ಹಸಿರು ತುಂಬಿಕೊಳ್ಳುತ್ತೆ” ಎಂದ.

ದಾರಿಯುದ್ದಕ್ಕೂ ಕತ್ತರಿಮಾಮನಿಗೆ ಹಲ್ಲು ಕಡಿಯುವ ಹಾಗಾಯಿತು. ಕಿವಿಯ ಮೇಲಿನ ನಾಲ್ಕು ಕೂದಲನ್ನು ಉದ್ದ ಬಿಟ್ಟು, ಬೋಳು ನೆತ್ತಿಯ ಮೇಲೆ ಅಡ್ಡ ಬಾಚಿಕೊಳ್ಳುವ ಗಂಡಸರು ಇರುತ್ತಾರಲ್ಲ, ಅವರನ್ನು ಕಂಡರೆ ಅವನಿಗೆ ಜೀವನಪೂರ್ತಿ ಆಗುತ್ತಿರಲಿಲ್ಲ. “ಬೋಳಾದ್ರೆ ಬೋಳು ಅಂತ ಒಪ್ಪಿಕೊಳ್ಳಿ ಸ್ವಾಮಿ, ಗಾಳಿ ಬಂದ್ರೆ ಬಾವುಟ ಹಾರುತ್ತೆ” ಎಂದು ಮುಖಕ್ಕೇ ಹೇಳಿ ಗಿರಾಕಿಗಳನ್ನು ಕಳೆದುಕೊಂಡವನು. ಈಗ ಅದೇ ಕೆಲಸವನ್ನು ಬೇಲಿಗೆ ಮಾಡಬೇಕು!

ತಂತಿ ತಂದು ಕಟ್ಟಲು ನಿಂತ. ಟೈಲರಮ್ಮ ರಸ್ತೆ ದಾಟಿ ಬಂದು ಒಂದು ಗಂಟು ಕೈಗಿಟ್ಟಳು. ಕತ್ತರಿಸಿ ಉಳಿದ ಬಟ್ಟೆಯ ಪಟ್ಟಿಗಳು, ಎಲ್ಲ ಹಸಿರು ಬಣ್ಣದವು. ರಾಶಿಯಿಂದ ಆರಿಸಿ ತಂದಿದ್ದಳು. “ತಂತಿ ಬಿಗಿದ್ರೆ ತೊಗಟೆ ಕುಯ್ಯುತ್ತೆ” ಎಂದಷ್ಟೇ ಹೇಳಿ, ಅಂಗಳದ ಕಡೆ ಕಣ್ಣೆತ್ತದೆ ಹಿಂದಿರುಗಿದಳು.

ಪಟ್ಟಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೀದಿಯ ಬದಿಯಿಂದ ಕಟ್ಟತೊಡಗಿದ. ಎಡಗಡೆಯ ಕೊಂಬೆ ಬಗ್ಗಿತು. ಬಲಗಡೆಯದು ಬಗ್ಗಲಿಲ್ಲ. ಎಳೆದ. ಅದೂ ಎಳೆಯಿತು. ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂದು ಕೈಯಲ್ಲಿ ಕೂತಿತು. ಬುಡಕ್ಕೆ ಕೈ ಹಾಕಿ ಜಗ್ಗಿದ.

ಚಟ್ಟೆಂದು ಸದ್ದಾಯಿತು.

“ಏನೋ ಮುರಿದೆ?” ಒಳಗಿಂದ ಅಕ್ಕನ ಕೂಗು.

ಬಾಯಲ್ಲಿ ಪಟ್ಟಿ, ಕೈಯಲ್ಲಿ ಸೀಳಿದ ಕೊಂಬೆ.

“ಕಿವಿ ಕೇಳಿಸ್ತಿಲ್ವಾ? ಏನು ಮುರಿದೆ ಅಂದೆ! ಇರೋ ನಾಲ್ಕು ಕೊಂಬೇನೂ ಕಳೀಬೇಡ್ವೋ!”

ಒಳಗೆ ಮಂಚ ಕಿರುಗುಟ್ಟಿತು. ವಾಕರ್ ನೆಲಕ್ಕೆ ಟೊಕ್ ಎಂದಿತು. ಟೊಕ್, ಟೊಕ್, ಬೀರು ದಾಟಿತು, ಹೊಸ್ತಿಲು ದಾಟಿತು. ಅಕ್ಕ ಅಂಗಳಕ್ಕೆ ಬಂದಳು. ಕೂದಲು ಕೆದರಿತ್ತು, ಸೀರೆ ಅಸ್ತವ್ಯಸ್ತ, ಮುಖ ಕೆಂಪು. ಟವಲು ಇನ್ನೂ ವಾಕರಿನ ಮೇಲೇ ನೇತಾಡುತ್ತಿತ್ತು. ಬೋಳಿನ ತನಕ ಬಂದೇಬಿಟ್ಟಳು.

“ಬುಡ ಹಿಡಿದು ಎಳೀತಾರೇನೋ ಮಂಕೇ? ತುದಿ ಬಗ್ಗಿಸಬೇಕು! ತುದಿ! ಮಗು ಕೈ ಹಿಡಿದ ಹಾಗೆ ಹಿಡಿ. ಅಲ್ಲಲ್ಲ, ಕೆಳಗಿನದು. ಅದರ ಕೆಳಗಿನದು. ಕಣ್ಣಿಲ್ವಾ?”

ಅಷ್ಟರಲ್ಲಿ ಬಸ್ಸು ಬಂತು. ಬಂದು ಬೋಳಿಗೆ ನೇರವಾಗಿ ನಿಂತಿತು. ಕಿಟಕಿಗಳ ತುಂಬ ಮುಖಗಳು. ಡ್ರೈವರ್ ಇತ್ತ ನೋಡಿದ. ಅಕ್ಕನ ಜೊತೆ ಬಹಳ ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿದವನು. ಅಕ್ಕನ ಬಾಯಿ ಅರ್ಧಕ್ಕೇ ನಿಂತಿತು. ತಾನು ಎಲ್ಲಿ ನಿಂತಿದ್ದೇನೆ, ಏನು ಹಿಡಿದು ನಿಂತಿದ್ದೇನೆ ಎಂದು ಅವಳಿಗೆ ಆಗಲೇ ಹೊಳೆದದ್ದು. ಕತ್ತರಿಮಾಮ ಎರಡೂ ಕೈ ಅಗಲಿಸಿ ಬೋಳಿಗೆ ಅಡ್ಡ ನಿಲ್ಲಲು ನೋಡಿದ. ಅವನ ಬಡಕಲು ಮೈಯಿಂದ ಏನು ಮುಚ್ಚೀತು?

“ಅಕ್ಕಾ!” ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. ವಾಕರ್ ಅವನಿಗೆ ಕಂಡೇ ಇಲ್ಲವೇನೋ ಎಂಬ ಹಾಗೆ, ಹಿಂದಿನ ದಿನ ತಾನೇ ಕೆಲಸ ಮುಗಿಸಿ ಇಳಿದುಹೋದವಳ ಜೊತೆ ಮಾತಾಡುವ ಹಾಗೆ ಅಂದ: “ಹತ್ತಿ ಅಕ್ಕಾ, ಸೀಟು ಖಾಲಿ ಇದೆ!”



“ನಿನ್ನ ಬಸ್ಸಲ್ಲಿ ಸೀಟು ಯಾವತ್ತೋ ಖಾಲಿ ಇತ್ತು?” ಅಕ್ಕನ ದನಿ ಬಿರುಕುಬಿಟ್ಟಿತ್ತು, ಆದರೂ ಗಟ್ಟಿಯಾಗಿಯೇ ಬಂತು. “ಹೊತ್ತಾಗಿದೆ ಅಂತ ಗೊತ್ತಿಲ್ವಾ? ನಡಿ, ನಡಿ! ರೈಟ್, ರೈಟ್!”

ಬಸ್ಸು ಹೊರಟಿತು. ಬಸ್ಸಿನೊಳಗಿದ್ದ ಕಂಡಕ್ಟರ್ ಬಾಯಿಗೆ ಹಾಕಿಕೊಂಡಿದ್ದ ಸೀಟಿ ಊದುವುದನ್ನೇ ಮರೆತಿದ್ದ.

ಬಸ್ಸು ಮರೆಯಾದ ಮೇಲೆ ಅಕ್ಕ ವಾಕರನ್ನು ಮನೆಯ ಕಡೆ ತಿರುಗಿಸಿದಳು. ಕತ್ತರಿಮಾಮ ಬೋಳಿನಿಂದಲೇ ತೂರಿ ಒಳಗೆ ಬಂದು ಕೈ ಚಾಚಿದ.

“ಮುಟ್ಟಬೇಡ ನನ್ನ. ಇಡೀ ಬಸ್ಸು ನೋಡ್ತು. ಸಂಜೆಯೊಳಗೆ ಡಿಪೋಗೆಲ್ಲ ಗೊತ್ತಾಗುತ್ತೆ. ಸಮಾಧಾನ ಆಯ್ತಾ ನಿನಗೆ?”

ಟೊಕ್, ಟೊಕ್ ಎಂದು ಒಬ್ಬಳೇ ಒಳಗೆ ಹೋದಳು. ಆ ಸಂಜೆ ಅವನು ಬಡಿಸಿದ್ದನ್ನು ತಿಂದು ಗೋಡೆಯ ಕಡೆ ತಿರುಗಿ ಮಲಗಿದಳು. ಕತ್ತರಿಮಾಮ ಸೀಳಿದ ಕೊಂಬೆಗೆ ಮುರಿದ ಕೈಗೆ ಕಟ್ಟುವ ಹಾಗೆ ಬಟ್ಟೆ ಕಟ್ಟಿ ಬಂದಿದ್ದ. ಅದು ಬದುಕುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ವ್ಯಾಯಾಮದ ಹುಡುಗಿ ಬರುವ ಮೊದಲೇ ಅಂಗಳದಲ್ಲಿ ಟೊಕ್ ಟೊಕ್ ಕೇಳಿಸಿತು. ಕತ್ತರಿಮಾಮ ಬಾಗಿಲಿಗೆ ಓಡಿದ.

“ಏನು ನೋಡ್ತೀಯಾ? ಮಾನ ಹೋದದ್ದು ಹೋಯ್ತು, ಕಾಲಾದ್ರೂ ಉಳೀಲಿ” ಎಂದು ಸಿಡುಕಿ ಅಕ್ಕ ಗೇಟಿನವರೆಗೆ ಹೋಗಿ ತಿರುಗಿದಳು. ಬೋಳಿನ ಎದುರು ಬಂದಾಗ ಮಾತ್ರ ತಲೆ ತಗ್ಗಿಸಿ ಬೇಗ ಬೇಗ ದಾಟಲು ನೋಡುತ್ತಿದ್ದಳು. ಬೇಗ ದಾಟುವುದು ವಾಕರಿಗೆ ಎಲ್ಲಿಂದ ಬರಬೇಕು? ಅಲ್ಲೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಬೇಲಿಯೇನೂ ಕರುಣೆ ತೋರಲಿಲ್ಲ. ಕತ್ತರಿಮಾಮ ಎಷ್ಟೇ ಚೆನ್ನಾಗಿ ಬಾಚಿ ಕಟ್ಟಿದರೂ ಸಂಜೆಯ ಗಾಳಿಗೆ ಕೊಂಬೆಗಳು ಮೇಲೆದ್ದು ನಿಲ್ಲುತ್ತಿದ್ದವು. ಬೆಂಚಿನವರು, “ಮಾಮ, ನಿಮ್ಮ ಬೇಲಿ ಜುಟ್ಟು ಬಿಟ್ಟಿದೆ!” ಎಂದು ನಗುತ್ತಿದ್ದರು. ತಾನು ಕಳಿಸಿಬಿಟ್ಟ ಅಡ್ಡ ಬಾಚಿದ ಗಿರಾಕಿಗಳೆಲ್ಲ ಸಾಲಾಗಿ ನಿಂತು ನಗುವಂತೆ ಅವನಿಗೆ ಅನ್ನಿಸುತ್ತಿತ್ತು. ಮರುದಿನ ಮತ್ತೆ ಕಟ್ಟಬೇಕು. ಸೀಳಿದ ಕೊಂಬೆ ತುದಿಯಿಂದ ಕಂದಾಗುತ್ತಾ ಬಂತು. ಸಸಿ ಇದ್ದಲ್ಲೇ ಇತ್ತು. ದಿನಾ ಹೋಗಿ ಅದನ್ನು ನೋಡಬೇಡ, ನೋಡಿದರೆ ಬೆಳೆಯಲ್ಲ ಎಂದು ಅಕ್ಕ ಕಿಟಕಿಯಿಂದ ಗದರಿದಳು. ಟೈಲರಮ್ಮನ ಯಂತ್ರ ಇನ್ನೂ ಗೋಡೆಗೇ ಮುಖ ಮಾಡಿತ್ತು. ಇನ್ನು ತಿರುಗಿಸಬಹುದು ಎಂದು ಅಕ್ಕ ಹೇಳಿ ಕಳಿಸಿದರೂ, “ನನಗಿದೇ ಅಭ್ಯಾಸ ಆಗಿದೆ” ಎಂದಳಂತೆ.

ಒಂದು ಬೆಳಗ್ಗೆ ಅಂಗಡಿಗೆ ಆಗಲೇ ತಡವಾಗಿತ್ತು. ಗಾಳಿ ಹಿಂದಿನ ಸಂಜೆ ಎಲ್ಲ ಗಂಟುಗಳನ್ನೂ ಬಿಚ್ಚಿಹಾಕಿತ್ತು. ಕತ್ತರಿಮಾಮ ಬೀದಿಯಲ್ಲಿ ನಿಂತು, ಹಸಿರು ಪಟ್ಟಿಗಳನ್ನು ಹಲ್ಲಿನಲ್ಲಿ ಕಚ್ಚಿ, ಗಾಳಿಯನ್ನೂ ಗಿಡವನ್ನೂ ತನ್ನ ಕೈಯನ್ನೂ ಮನಸ್ಸಿನಲ್ಲೇ ಒಟ್ಟಿಗೆ ಬೈಯುತ್ತಾ ಕೊಂಬೆ ಬಗ್ಗಿಸುತ್ತಿದ್ದ. ತುದಿ ಹಿಡಿದೇ ಬಗ್ಗಿಸುತ್ತಿದ್ದ. ಬೆಂಚಿನ ಮೇಲೆ ಬಸ್ಸಿಗೆ ಕಾಯುವವರು ಇದ್ದರು. ಒಳಗಿಂದ ಟೊಕ್ ಟೊಕ್ ಬಂತು. ದಿನದಂತೆ ದಾಟಿಹೋಗುತ್ತದೆ ಎಂದುಕೊಂಡ. ಅದು ಬೋಳಿನ ಎದುರಿಗೆ ಬಂದು ನಿಂತಿತು.

ಅವನು ತಲೆಯೆತ್ತಿದ. ಬೇಲಿಯ ಆಚೆ ಅಕ್ಕ ಇಡಿಯಾಗಿ ಕಾಣುತ್ತಿದ್ದಳು, ತಲೆಯಿಂದ ಕಾಲಿನವರೆಗೆ, ವಾಕರಿನ ನಾಲ್ಕು ಕಾಲೂ ಸೇರಿ. ಅವಳ ಸೆರಗಿನ ತುದಿ ಒದ್ದೆಯಾಗಿತ್ತು, ಒಲೆಯ ಮುಂದೆ ನಿಂತು ಬಂದವಳ ಹಾಗೆ ಹಣೆಯಲ್ಲಿ ಬೆವರಿತ್ತು. ವಾಕರಿನ ಹಿಡಿಗೆ ಹಳೆಯ ಚೀಲ ತಗುಲಿಸಿತ್ತು.

ಅಕ್ಕ ಒಂದು ಕೈಯಲ್ಲಿ ಕಂಬಿ ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಚೀಲದೊಳಗಿನ ಊಟದ ಡಬ್ಬಿಯನ್ನು ತೆಗೆದು ಬೋಳಿನೊಳಗಿಂದ ಚಾಚಿದಳು.

ಹಲ್ಲಲ್ಲಿ ಪಟ್ಟಿಗಳನ್ನು ಕಚ್ಚಿಕೊಂಡೇ ಕತ್ತರಿಮಾಮ ಕೊಂಬೆ ಬಿಟ್ಟು ಡಬ್ಬಿ ತೆಗೆದುಕೊಂಡ. ಬಿಸಿಯಾಗಿತ್ತು.